ಸೂರ್ಯಚಂದ್ರರವರೆಗಿನ ಬ್ರಾಡ್‌ಬ್ಯಾಂಡ್

ನನ್ನ ಹಳೆಯ ಡೈರಿಯಲ್ಲಿ 2011ರ ಮಾರ್ಚ್ 12, ಶನಿವಾರ, ಹೀಗೆ ಬರೆದಿದ್ದೇನೆ: "ತಂಗಿ ವಸುಧಾಳಿಗೆ ಬಂದ ಗಂಡಿನ ಫೋಟೊ ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿತು. ಇಂಟರ್ನೆಟ್ಟಿನವನಿಗೆ ಫೋನು ಮಾಡಿದರೆ, 'ಈ ಬೀದಿಗೆ ನಾನೊಬ್ಬನೇ ಅಮ್ಮ, ಕಾಯಿರಿ' ಎಂದ. ಕಾಯುತ್ತ ಮಕ್ಕಳಿಗೆ ಕಲ್ಲಿನಾಥನ ಕತೆ ಹೇಳಿದೆ."

ಆ ಕತೆ ಇದು. ಬಿ.ಎ.ಗೆ ಇತಿಹಾಸ ಓದಿದವಳು ನಾನು. ಶಾಸನದ ಮಾತನ್ನು ಅದಲುಬದಲು ಮಾಡಿ ಹೇಳುವವಳಲ್ಲ.

ಹೊನ್ನಗುಡ್ಡದ ಅರಸ ಬೊಪ್ಪರಾಯನಿಗೆ ಎಲ್ಲ ರಾಜರ ಹಾಗೆ ಆನೆ ಇತ್ತು, ಕುದುರೆ ಇತ್ತು, ಬ್ರಾಡ್‌ಬ್ಯಾಂಡೂ ಇತ್ತು. ಮೊದಲೆರಡು ಓಡುತ್ತಿದ್ದವು.

ರಾಜ್ಯದ ತಂತಿಯೆಲ್ಲ ಸಂಕಪ್ಪನೆಂಬ ಒಬ್ಬನೇ ಗುತ್ತಿಗೆದಾರನದು. ಹಿಂದೊಮ್ಮೆ ಹಬ್ಬದೂಟದ ಸಂತೋಷದಲ್ಲಿ ರಾಜ ಅವನಿಗೆ ತಾಮ್ರಶಾಸನ ಬರೆಸಿ ಕೊಟ್ಟಿದ್ದ: 'ಸೂರ್ಯಚಂದ್ರರು ಇರುವವರೆಗೆ ಈ ರಾಜ್ಯದಲ್ಲಿ ಸಂಕಪ್ಪನ ಹೊರತು ಇನ್ನಾರೂ ತಂತಿ ಎಳೆಯತಕ್ಕದ್ದಲ್ಲ.' ಅಂದಿನಿಂದ ತಿಂಗಳ ಬಾಡಿಗೆ ಹತ್ತು ವರಹದಿಂದ ನೂರಕ್ಕೆ ಏರಿತು. ವೇಗ ಅಷ್ಟೇ ಶ್ರದ್ಧೆಯಿಂದ ಇಳಿಯಿತು. ದೂರು ಕೊಡುವುದಾದರೆ ಅದೇ ತಂತಿಯಲ್ಲಿ ಕಳಿಸಬೇಕು. ಅಜ್ಜ ಕಳಿಸಿದ ದೂರಿಗೆ ಮೊಮ್ಮಗನ ಕಾಲಕ್ಕೆ ಉತ್ತರ ಬರುತ್ತಿತ್ತು: 'ಡಬ್ಬಿ ಆರಿಸಿ, ಮತ್ತೆ ಹಾಕಿ.'

ಹೀಗಿರುವಾಗ ತೊರೆನಾಡಿನ ರಾಜಕುಮಾರ, ಬೊಪ್ಪರಾಯನ ಮಗಳು ಪದ್ಮಲೆಗೆಂದು ತನ್ನ ಚಿತ್ರ ಕಳಿಸಿದ. ಶುಕ್ರವಾರ ಸೂರ್ಯ ಮುಳುಗುವುದರೊಳಗೆ ಒಪ್ಪಿಗೆ ಬಾರದಿದ್ದರೆ ಬೇರೆ ಕಡೆ ಹೆಣ್ಣು ನೋಡುತ್ತೇವೆ ಎಂಬ ಮಾತೂ ಬಂತು.

ಸೋಮವಾರ ಪರದೆಯ ಮೇಲೆ ಕೊಡೆಯ ತುದಿ ಕಾಣಿಸಿತು. ಬುಧವಾರ ಪೇಟ, ಗುರುವಾರ ಹುಬ್ಬು. ಶುಕ್ರವಾರ ಬೆಳಿಗ್ಗೆ ಮೀಸೆ ಬಂದು ಅಲ್ಲೇ ನಿಂತಿತು.

"ಮೀಸೆ ಚೆನ್ನಾಗಿದೆಯಲ್ಲ ಮಗಳೇ, ಒಪ್ಪಿಕೋ," ಎಂದ ರಾಜ.

"ಅಪ್ಪಾಜಿ, ಬರೀ ಮೀಸೆಯ ಜೊತೆ ಸಂಸಾರ ಮಾಡುವುದು ಹೇಗೆ? ಬಾಯಿ ಬರಲಿ. ನಗಲು ಬರುತ್ತದೋ ಇಲ್ಲವೋ ನೋಡಬೇಕು."

ರಾಜ ಸಂಕಪ್ಪನನ್ನು ಸಭೆಗೆ ಕರೆಸಿದ. "ಏನಯ್ಯಾ, ನೂರು ಎಂಬಿ ವೇಗವೆಂದು ನೂರು ವರಹ ತೆಗೆದುಕೊಳ್ಳುತ್ತೀಯೆ. ಐದು ದಿನಕ್ಕೆ ಒಂದು ಮೀಸೆ ಬಂದಿದೆ."

"ಮಹಾಪ್ರಭು, ನನ್ನ ಬೋರ್ಡು ಓದಿ. 'ನೂರು ಎಂಬಿಯವರೆಗೆ' ಎಂದು ಬರೆಸಿದ್ದೇನೆ. ನೂರು ಎಂದು ಎಲ್ಲೂ ಬರೆಸಿಲ್ಲ."

"ಹಾಗಾದರೆ ಬೇರೆಯವರಿಂದ ತಂತಿ ಎಳೆಸುತ್ತೇನೆ."

"ಧಾರಾಳವಾಗಿ ಎಳೆಸಿ ಪ್ರಭು. ಸೂರ್ಯ, ಚಂದ್ರ ಇಬ್ಬರೂ ಹೋದ ಮೇಲೆ. ಕೊಟ್ಟ ಮಾತಿಗೆ ತಪ್ಪುವ ವಂಶವೇ ತಮ್ಮದು?"

ರಾಜ ಸಿಂಹಾಸನದಲ್ಲೇ ಕುಗ್ಗಿದ. ಆಸ್ಥಾನದ ಜಾಣ ಕಲ್ಲಿನಾಥ ಕಂಬಕ್ಕೊರಗಿ ಹುರಿಗಡಲೆ ತಿನ್ನುತ್ತಿದ್ದ.

"ಕಲ್ಲಿನಾಥ, ನನ್ನ ಮಾತೂ ಉಳಿಯಬೇಕು, ಮಗಳ ಮದುವೆಯೂ ನಿಲ್ಲಬಾರದು. ಸಂಜೆಯೊಳಗೆ ದಾರಿ ತೋರಿಸು. ಇಲ್ಲದಿದ್ದರೆ ನಿನ್ನ ಮನೆಗೂ ಇವನ ತಂತಿಯನ್ನೇ ಹಾಕಿಸುತ್ತೇನೆ."

ಕಲ್ಲಿನಾಥನ ಕೈಯಿಂದ ಕಡಲೆ ಉದುರಿತು. "ಅಷ್ಟು ದೊಡ್ಡ ಶಿಕ್ಷೆ ಬೇಡ ಪ್ರಭು. ಹಾಗೆ ನೋಡಿದರೆ ಸಂಕಪ್ಪನವರು ಹೇಳುವುದೇ ಸರಿ."

ಸಭೆ ಬಾಯಿ ಬಿಟ್ಟುಕೊಂಡು ನೋಡಿತು. ಸಂಕಪ್ಪ ಶಲ್ಯ ಸರಿಮಾಡಿಕೊಂಡ.

"ಆದರೆ ನನಗೆ ವ್ಯಾಕರಣ ಸ್ವಲ್ಪ ಮಂದ," ಎಂದ ಕಲ್ಲಿನಾಥ. "ನೂರರವರೆಗೆ ಎಂದರೆ ಎಷ್ಟು ಸಂಕಪ್ಪನವರೇ? ತೊಂಬತ್ತೇ?"

"ಆಗಬಹುದು."

"ಹತ್ತು?"

"ಅದೂ ಆಗಬಹುದು."

"ಅರ್ಧ?"

"ಅರ್ಧವೂ ನೂರರ ಒಳಗೇ ಅಲ್ಲವೇ ಸ್ವಾಮಿ? ವರೆಗೆ ಎಂದ ಮಾತ್ರಕ್ಕೆ ಅಲ್ಲಿಯ ತನಕ ಹೋಗಲೇಬೇಕೆಂದಿಲ್ಲ. ನಡುವೆ ಎಲ್ಲಿ ನಿಂತರೂ ಮಾತಿಗೆ ತಪ್ಪಿದಂತಲ್ಲ."

"ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವರು ಯಾರು?"

"ಕೊಡುವವನು. ತೆಗೆದುಕೊಳ್ಳುವವನಿಗೆ ಅದೆಲ್ಲ ಯಾಕೆ?"

"ಈ ಅರ್ಥ ನಿಮಗೂ ಅರಮನೆಗೂ ಒಂದೇ ತಾನೆ?"

"ಒಂದೇ. ಬೇಕಾದರೆ ಆಣೆ ಮಾಡುತ್ತೇನೆ." ತುಂಬಿದ ಸಭೆಯಲ್ಲಿ ಸಂಕಪ್ಪ ಆಣೆಯನ್ನೂ ಮಾಡಿದ.

"ಬಹಳ ಉಪಕಾರವಾಯಿತು. ನಿಮ್ಮ ತಾಮ್ರಶಾಸನ ಒಮ್ಮೆ ಕೊಡಿ."

ಸಂಕಪ್ಪ ಅದನ್ನು ಪದಕದ ಹಾಗೆ ಕೊರಳಿಗೇ ಕಟ್ಟಿಕೊಂಡಿದ್ದ. ಹೆಮ್ಮೆಯಿಂದ ಬಿಚ್ಚಿ ಕೊಟ್ಟ. ಕಲ್ಲಿನಾಥ ಗಟ್ಟಿಯಾಗಿ ಓದಿದ: "'ಸೂರ್ಯಚಂದ್ರರು ಇರುವವರೆಗೆ.' ಪ್ರಭು, ಇದನ್ನು ಕೊಟ್ಟವರು ಯಾರು?"

"ನಾನೇ."

"ಎಲ್ಲಿ ನಿಲ್ಲಿಸುತ್ತೀರಿ?"

ರಾಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನದೂ ಅದೇ ತಂತಿ.

ಸಂಕಪ್ಪನಿಗೆ ಮೊದಲೇ ಅರ್ಥವಾಗಿತ್ತು. ಕಿಟಕಿಗೆ ಓಡಿ ಬೆರಳು ತೋರಿಸಿದ. "ಸೂರ್ಯ ಇನ್ನೂ ಇದ್ದಾನೆ ಸ್ವಾಮಿ, ನೋಡಿ, ನೆತ್ತಿಯ ಮೇಲೇ ಇದ್ದಾನೆ."

"ಇರಲಿ ಬಿಡಿ, ಪಾಪ," ಎಂದ ಕಲ್ಲಿನಾಥ. "ಅಲ್ಲಿಯ ತನಕ ಹೋಗಲೇಬೇಕೆಂದಿಲ್ಲವಲ್ಲ. ಇವತ್ತು ಮಧ್ಯಾಹ್ನವೂ 'ಸೂರ್ಯಚಂದ್ರರು ಇರುವವರೆಗೆ' ಎಂಬುದರ ಒಳಗೇ ಅಲ್ಲವೇ ಸ್ವಾಮಿ?"

"ಊಟಕ್ಕೆ ಮುಂಚೆ ನಿಲ್ಲಿಸಿದ್ದೇನೆ," ಎಂದ ರಾಜ.

ಡಂಗುರ ಸಾರಿದ್ದೇ ತಡ, ನೇಕಾರರ ಕೇರಿಯ ಗಿರಿಯವ್ವ ಏಳು ವರಹಕ್ಕೆ ಹೊಸ ತಂತಿ ಎಳೆಯಲು ಏಣಿ ಹತ್ತಿದಳು. ಅವಳು ಎರಡನೆಯ ಮೆಟ್ಟಿಲಿನಲ್ಲಿ ಇರುವಾಗಲೇ ಸಂಕಪ್ಪನ ಹಳೆಯ ತಂತಿಗೆ ಜೀವ ಬಂತು. ಅವನು ಹಿತ್ತಲಿಗೆ ಓಡಿಹೋಗಿ, ತಾನೇ ತಂತಿಗೆ ಹಾಕಿದ್ದ ಗಂಟುಗಳನ್ನೆಲ್ಲ ಬಿಚ್ಚಿದನಂತೆ.

ಅರಮನೆಯಲ್ಲಿ ಚಿತ್ರ ಒಮ್ಮೆಲೇ ಪೂರ್ತಿ ಇಳಿಯಿತು. ಮೀಸೆ ಕೊಡೆ ಹಿಡಿದು ನಿಂತ ಆಳಿನದು. ರಾಜಕುಮಾರ ಅವನ ಮುಂದೆ ಕೆಳಗೆ ಕುಳಿತಿದ್ದ. ಮೀಸೆ ಇರಲಿಲ್ಲ, ನಗು ಇತ್ತು.

"ಇವರಾದರೆ ಆಗಬಹುದು," ಎಂದಳು ಪದ್ಮಲೆ. ಸೂರ್ಯ ಮುಳುಗುವ ಮುಂಚೆ ಒಪ್ಪಿಗೆ ಹೋಯಿತು.

ರಾಜನಿಗೆ ನಗು ತಡೆಯಲಾಗಲಿಲ್ಲ. "ಕಲ್ಲಿನಾಥ, ನಿನಗೆ ಸಾವಿರ ವರಹದವರೆಗೆ ಬಹುಮಾನ."

ಕಲ್ಲಿನಾಥ ಕಾಲಿಗೆ ಬಿದ್ದ. "ಪ್ರಭು, ನೂರೇ ಕೊಡಿ. ಆದರೆ ಆ 'ವರೆಗೆ' ಮಾತ್ರ ಬೇಡ."

ಕೊನೆಗೆ ಆದ ಖರ್ಚು ಇಷ್ಟು: ಕಲ್ಲಿನಾಥನಿಗೆ ನೂರು ವರಹ, ಗಿರಿಯವ್ವನಿಗೆ ಏಳು, ತಾಮ್ರಶಾಸನ ಕರಗಿಸಿ ಮದುವೆ ಮನೆಗೆ ತಂಬಿಗೆ ಮಾಡಿಸಿದ ಕೂಲಿ ಒಂದು. ನಮ್ಮ ಮನೆಯಲ್ಲಿ ಆ ತಿಂಗಳ ಬಿಲ್ಲು ಏಳುನೂರ ಐವತ್ತು ರೂಪಾಯಿ. ಫೋಟೊ ಪೂರ್ತಿ ಬಂದದ್ದು ಭಾನುವಾರ ಸಂಜೆ. ಈಗ ನಮ್ಮ ಬೀದಿಯಲ್ಲಿ ಮೂವರ ತಂತಿ ಇದೆ. ನಾನೂರು ಕೊಡುತ್ತೇನೆ.