ಕೆಮ್ಮಿನ ಗುಡಿ

ಕವಳಿಹಾಳದ ಊರಾಚೆ, ಹಳೆಯ ಛತ್ರದ ಅಂಗಳದಲ್ಲಿ ಸಿದ್ಧೇಶ್ವರನದೊಂದು ಸಣ್ಣ ಗುಡಿಯಿದೆ. ಕೆಂಪು ಕಲ್ಲಿನ ಗೋಡೆ, ತಲೆ ತಗ್ಗಿಸಿಯೇ ಒಳಹೋಗಬೇಕಾದ ಬಾಗಿಲು, ಮೇಲೆ ಅಷ್ಟು ಸಣ್ಣ ಗುಡಿಗೆ ಒಪ್ಪದ ದೊಡ್ಡ ಗುಮ್ಮಟ. ಬಾಗಿಲ ಮೇಲೆ ಸಿದ್ಧೇಶ್ವರನ ಹೆಸರನ್ನೇ ಕೆತ್ತಿದ್ದರೂ ಬಸ್ಸಿನ ಕಂಡಕ್ಟರು ಕೂಗುವುದು 'ಕೆಮ್ಮಿನ ಗುಡಿ ಯಾರ್ರಿ, ಇಳೀರಿ' ಎಂದೇ. ದೇವರಿಗೆ ಕೆಮ್ಮು ಬಂದಿತ್ತೇ ಎಂದು ಹೊಸಬರು ಕೇಳುತ್ತಾರೆ. ಬಂದದ್ದು ದೇವರಿಗಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಬರಮಪ್ಪ ದೇಸಾಯಿ ಎಂಬವರು ಆಳುತ್ತಿದ್ದರಂತೆ. ದಿಕ್ಕಿಲ್ಲದ ಮುದುಕ ಮುದುಕಿಯರಿಗೆ ಅನ್ನ, ಹೊದಿಕೆ, ಮಲಗಲು ಜಾಗ ಸಿಗಲೆಂದು ಈ ಛತ್ರ ಕಟ್ಟಿಸಿದವರು ಅವರೇ. ಅವರ ಕೈ ದೊಡ್ಡದು. ಹೊಗಳಿಕೆಯ ಆಸೆ ಅದಕ್ಕಿಂತ ದೊಡ್ಡದು. ದಿನವೂ ಊಟಕ್ಕೆ ಮೊದಲು ತಮ್ಮ ದಾನಗುಣವನ್ನು ಕವಿಯೊಬ್ಬ ಗುಡಿಯಲ್ಲಿ ಹಾಡಬೇಕು, ಉಣ್ಣುವವರೆಲ್ಲ ಕೂತು ಕೇಳಬೇಕು ಎಂದು ಕಟ್ಟು ಮಾಡಿದರು. ಹಾಡಿದ್ದು ಮತ್ತೆ ಮತ್ತೆ ಕೇಳಿಸಲೆಂದೇ ವಿಜಯಪುರದ ಕಡೆಯ ಕೆಲಸಗಾರರನ್ನು ಕರೆಸಿ ಗುಮ್ಮಟ ಏರಿಸಿದರು. ಮರುದನಿಯೇನೋ ಚೆನ್ನಾಗಿ ಬಂತು. ಆದರೆ ಮುದುಕರು ಕೂತಲ್ಲಿ ಕೆಮ್ಮು ತಪ್ಪೀತೇ? ಕವಿ 'ದಾನಶೂರ' ಎನ್ನುವಷ್ಟರಲ್ಲಿ ಮೂಲೆಯಿಂದ ಯಾರೋ ಕೆಮ್ಮುವರು. ಗುಮ್ಮಟ ಅದನ್ನೇ ಹಿಡಿದು ತಿರುತಿರುಗಿ ಒದರುವುದು. ನೆರೆಸೀಮೆಯ ದೇಸಾಯರು ಅತಿಥಿಯಾಗಿ ಬಂದ ದಿನವೂ ಹೀಗೇ ಆಗಿ, ಅವರು ಉತ್ತರೀಯ ಬಾಯಿಗೊತ್ತಿಕೊಂಡು ನಕ್ಕರಂತೆ. ಬರಮಪ್ಪ ದೇಸಾಯರಿಗೆ ಮೈಯೆಲ್ಲ ಉರಿಯಿತು. ನಾಳೆಯಿಂದ ಈ ಗುಡಿಯ ಒಳಗೆ ಕೆಮ್ಮಿದವರು ಯಾರೇ ಆಗಲಿ, ಗಂಟು ಕಟ್ಟಿಕೊಂಡು ಛತ್ರ ಬಿಡಬೇಕೆಂದು ದೇವರೆದುರೇ ಆಣೆಯಿಟ್ಟರು.

ಛತ್ರದಲ್ಲಿ ತಂಗೆವ್ವ ಎಂಬ ಮುದುಕಿ ಇದ್ದಳು. ಉಬ್ಬಸದವಳು, ಹೋಗಲು ಬೇರೆ ಮನೆಯಿಲ್ಲ. ಮರುದಿನ ಅವಳು ತನ್ನ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಗುಡಿಯಲ್ಲಿ ಕೂತಳು. ಹಾಡು ಮೊದಲಾಯಿತು. ಮುದುಕರೆಲ್ಲ ಸೆರಗು, ರುಮಾಲು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಅದು ಭಕ್ತಿಯ ಕಣ್ಣೀರೆಂದು ದೇಸಾಯರು ತಲೆದೂಗಿದರು. ಅಷ್ಟರಲ್ಲಿ ಪಕ್ಕದ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬಿತ್ತು. ಒಣಮೆಣಸಿನಕಾಯಿಯ ಘಾಟು ಗುಡಿಗೆ ನುಗ್ಗಿ, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತತೊಡಗಿತು. ಮೊದಲು ಕೆಮ್ಮಿದವರು ದೇಸಾಯರು. ಗುಮ್ಮಟ ಆ ಕೆಮ್ಮನ್ನು ಊರಿಗೆಲ್ಲ ಸಾರಿತು. ಕವಿಯ ಹಾಡು ನಿಂತಿತು. ತಂಗೆವ್ವ ಎದ್ದು, ಕೋಲಿನ ತುದಿಯನ್ನು ಅವರ ಮುಂದೆ ಚಾಚಿದಳು.

"ಏಳ್ರಿ ಧಣ್ಯಾರ, ಬಿಸಲು ಏರೂದ್ರಾಗ ಹೊರಡೂಣು. ನನ್ನ ಕೆಮ್ಮೂ ಗಂಟಲಿಗೆ ಬಂದು ಕುಂತೈತಿ. ನಿಮಗ ಬೇಡಿ ರೂಢಿಲ್ಲ, ಮೊದಲನೇ ಮನೀ ಮುಂದ ನಾನ ಕೂಗ್ತೀನಿ."

ದೇಸಾಯರು ಅವಳ ಮುಖ ನೋಡಿದರು, ಕಂಕುಳ ಗಂಟು ನೋಡಿದರು. ನಗು ಬಂತು, ನಗುವಿನ ಹಿಂದೆ ಮತ್ತೆ ಕೆಮ್ಮು ಬಂತು. ಆಗ ತಡೆದಿದ್ದವರೆಲ್ಲ ಬಾಯಿಂದ ಬಟ್ಟೆ ತೆಗೆದು ಮನದಣಿಯೆ ಕೆಮ್ಮಿದರಂತೆ.

"ಆಣಿ ಇಟ್ಟಾಗೈತೆಲ್ಲಬೇ, ಹೆಂಗ ಮುರೀಲಿ?" ಎಂದರು ದೇಸಾಯರು, ಕಣ್ಣೊರೆಸಿಕೊಳ್ಳುತ್ತ.

"ಒಳಗ ಕೆಮ್ಮಬಾರದು ಅಂದೀರಿ. ಮ್ಯಾಲ ಮುಗಿಲು ಕಂಡ್ರ ಅದು ಒಳಗ ಹೆಂಗ ಆದೀತ್ರಿ?"

ಅಂದೇ ಗುಮ್ಮಟದ ಮೇಲೆ ಉಳಿ ಸುತ್ತಿಗೆ ಹತ್ತಿದವು. ಸುತ್ತಲೂ ಕಿಂಡಿ ಕೊರೆದ ಮೇಲೆ ಘಾಟೂ ಹೋಯಿತು, ಮರುದನಿಯೂ ಹೋಯಿತು. ಕವಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಎನ್ನುತ್ತಾರೆ.

ಈಗಲೂ ಆ ಕಿಂಡಿಗಳಿಂದ ಬಿಸಿಲು ಬಿಲ್ಲೆಬಿಲ್ಲೆಯಾಗಿ ನೆಲಕ್ಕೆ ಬೀಳುವುದನ್ನು ನೋಡಬಹುದು. ಗುಡಿಯ ಹೆಸರು ತಿಳಿದು ಬಂದವರಿಗೆ ಒಳಗೆ ಕೂತೊಡನೆ ಅದೇಕೋ ಗಂಟಲು ಕೆರೆಯುತ್ತದೆ. ಮುಜುಗರದಿಂದ ಹೊರಗೆ ಹೋಗಲು ಎದ್ದರೆ ಪೂಜಾರಿ ಬಿಡುವುದಿಲ್ಲ. ಕೈಹಿಡಿದು ಕೂರಿಸಿ, "ಇಲ್ಲೇ ಕೆಮ್ಮರಿ, ಪರವಾನಗಿ ಐತಿ" ಎನ್ನುತ್ತಾನೆ.