ಹಲ್ಲಿಯಮ್ಮ ಕಂಡ ಗ್ಯಾಸ್ ಪೈಪಿನ ಬಿರುಕು

"ಇಲ್ಲಿ ಕೇಳು, ಯಾರಿಗೂ ಹೇಳಕೂಡದು," ಎಂದು ಮುದಿ ಹಲ್ಲಿಯಮ್ಮ ಬಾಲ ಕುಣಿಸುತ್ತ ಪಕ್ಕದ ಸ್ವಿಚ್‌ಬೋರ್ಡಿಗೆ ಪಿಸುಗುಟ್ಟಿದಳು. "ಆಯುಧಪೂಜೆಗೆ ಮೈತುಂಬ ಕುಂಕುಮ ಹಚ್ಚಿಸಿಕೊಂಡು ಮೆರೀತಿದ್ದಾಳಲ್ಲ ಗ್ಯಾಸ್ ಪೈಪು, ಆ ಸೇವಂತಿಗೆ ಹೂವಿನ ಕೆಳಗೆ ಬಿರುಕು ಬಿಟ್ಟಿದ್ದಾಳೆ. ಮಿಕ್ಸಿಗೂ ಪೊರಕೆಗೂ ಆಗಲೇ ಹೇಳಿ ಬಂದೆ."

ಅಷ್ಟರಲ್ಲಿ ಮನೆಯೊಡತಿ ಪುಟ್ಟತಾಯಮ್ಮ ಒಲೆಗೆ ಕೈಮುಗಿದು, "ಪೈಪು ಹಳೇದಾಯ್ತು. ಇರಲಿ, ಇನ್ನೊಂದು ವರ್ಷ ಬರುತ್ತೆ," ಎಂದಳು. ಸುದ್ದಿಯ ಸಡಗರ ತಡೆಯಲಾರದೆ ಹಲ್ಲಿಯಮ್ಮ ಲೊಚಲೊಚ ಅಂದುಬಿಟ್ಟಳು. ಆಡಿದ ಮಾತಿಗೆ ಹಲ್ಲಿ ನುಡಿದರೆ ಅದು ಸತ್ಯವೆಂದು ನಂಬಿದ ಪುಟ್ಟತಾಯಮ್ಮ, "ಕೃಷ್ಣ ಕೃಷ್ಣ" ಎಂದು ನೆಲ ತಟ್ಟಿ, ನಿಶ್ಚಿಂತೆಯಿಂದ ಬೆಂಕಿಪೊಟ್ಟಣಕ್ಕೆ ಕೈಹಾಕಿದಳು.

ಸ್ವಿಚ್‌ಬೋರ್ಡು ಮುಖಕ್ಕೆ ಹೊಡೆದ ಹಾಗೆ ಹೇಳಿತು: "ಅಜ್ಜಿ, ಮನೆಗೆಲ್ಲ ನಿಜ ಹೇಳಿಕೊಂಡು ಬಂದೆ. ನಿನ್ನ ಮಾತು ನಂಬುವವಳು ಇವಳೊಬ್ಬಳೇ, ಇವಳಿಗೆ ಸುಳ್ಳು ಹೇಳಿದೆ."