ಮಂಗಳವಾರದ ಯಂತ್ರ

ದೊಡ್ಡ ಕಾಗದದ ಸುರುಳಿಯನ್ನು ಪಟ್ಟಿಪಟ್ಟಿಯಾಗಿ ಸೀಳುವ ಯಂತ್ರವನ್ನು ನಡೆಸುತ್ತಿದ್ದವಳು ನಂಜಮ್ಮಣ್ಣಿ. ಕಿಟಕಿಯ ಬಿಸಿಲಲ್ಲಿ ಕಾಗದ ಹೊಳೆಯಂತೆ ಸಾಗುತ್ತಿದ್ದರೆ ಅವಳಿಗೆ ಅರೆನಿದ್ದೆಯ ಸುಖ. ಈಚೆಗೆ ಅಲಗು ಮೊಂಡಾಗಿ ಅಂಚೆಲ್ಲ ಚಿಂದಿಯಾಗುತ್ತಿತ್ತು. ಧೂಳು ಹತ್ತಿಯಂತೆ ತೇಲುತ್ತಿತ್ತು.

"ಒಂದು ಗಳಿಗೆ ನಿಲ್ಲಿಸಿದ್ರೆ ಅಲಗು ಮಸೆದುಬಿಡ್ತೀನಿ ಸಾರ್."

"ನನ್ನ ಯಂತ್ರ ನಿಲ್ಲಕೂಡದು! ಅಂಚು ಮಾತ್ರ ರೇಷ್ಮೆ ಹಂಗಿರಬೇಕು. ಇಲ್ಲಾಂದ್ರೆ ಮನೆಗೆ ನಡಿ," ಎಂದು ಮಾಲೀಕ ಗುರುಮಲ್ಲಪ್ಪ ಗುಡುಗಿದರು.

ಮಂಗಳವಾರ ಬೆಳಿಗ್ಗೆ ಅವರು ಬಂದಾಗ ಯಂತ್ರ ಸುಮ್ಮನೆ ನಿಂತಿತ್ತು. ಮೈತುಂಬ ಸೇವಂತಿಗೆ, ಅಲಗಿಗೆ ಕುಂಕುಮ, ಸುತ್ತ ಊದುಬತ್ತಿಯ ಹೊಗೆ. ಬೈಯಲು ಬಾಯಿ ತೆರೆದವರ ಕಣ್ಣು ಕುಂಕುಮದ ಮೇಲೆ ಬಿತ್ತು. ಆಯುಧಪೂಜೆಯ ದಿನ ಒಂದು ಸ್ಪ್ಯಾನರನ್ನೂ ಮುಟ್ಟಗೊಡದ ಮನುಷ್ಯ ಅವರು. ಚಪ್ಪಲಿ ಬಿಟ್ಟು ಕೈಮುಗಿದರು.

"ಇವತ್ತು ಅಮ್ಮನ ವಾರ, ಪೂಜೆಗೆ ಕೂತಿದ್ದಾಳೆ," ಎಂದಳು ನಂಜಮ್ಮಣ್ಣಿ. "ಎಬ್ಬಿಸಿ ಓಡಿಸಲಾ ಸಾರ್?"

"ಅಯ್ಯೋ, ಬೇಡ ತಾಯಿ!"

"ಹಂಗಾದ್ರೆ ಅಮ್ಮನಿಗೆ ಸ್ನಾನ ಮಾಡಿಸ್ತೀನಿ," ಎಂದು ನಂಜಮ್ಮಣ್ಣಿ ಅಲಗು ಬಿಚ್ಚಿ ಮಸೆದಳು, ರೋಲರುಗಳ ಧೂಳು ಒರೆಸಿದಳು, ಎಲ್ಲವನ್ನೂ ನೇರಕ್ಕೆ ಕೂರಿಸಿದಳು.

ಮಧ್ಯಾಹ್ನ ಯಂತ್ರ ಓಡಿದಾಗ ಬಂದ ಪಟ್ಟಿಯ ಅಂಚು ರೇಷ್ಮೆಯಂತಿತ್ತು. ಗುರುಮಲ್ಲಪ್ಪ ಅದನ್ನು ಕಣ್ಣಿಗೊತ್ತಿಕೊಂಡರು.

ಮುಂದಿನ ಮಂಗಳವಾರ ಲಾರಿ ಡ್ರೈವರ್, "ಮಿಷನ್ ಯಾಕ್ರೀ ನಿಂತೈತೆ?" ಎಂದು ಕೂಗಿದ. ಬರಿಗಾಲಲ್ಲಿದ್ದ ಗುರುಮಲ್ಲಪ್ಪನವರೇ ತುಟಿಗೆ ಬೆರಳಿಟ್ಟರು.

"ಶ್! ಅಮ್ಮ ಸ್ನಾನಕ್ಕೆ ಹೋಗವ್ಳೆ."